ಗಾಯ ಮಾಸಿದ ಮೇಲೂ ನೋವು ಯಾಕೆ? ಸೂಕ್ಷ್ಮವಾದ ನರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ವರ್ಷಗಟ್ಟಲೆ ನೋವು ಹೊತ್ತುಕೊಂಡು ತಿರುಗುವವರ ಜೊತೆಯೇ ನನ್ನ ದಿನ ಕಳೆಯುತ್ತದೆ. ಅವರ ಕೈಯಲ್ಲೊಂದು ದೊಡ್ಡ ಪ್ಲಾಸ್ಟಿಕ್ ಕವರ್ ಇರುತ್ತದೆ. ಒಳಗೆ ಎಕ್ಸ್‌ರೇ, ಎಂಆರ್‌ಐ, ರಕ್ತದ ರಿಪೋರ್ಟು, ನಾಲ್ಕೈದು ಡಾಕ್ಟರ ಚೀಟಿ. ಕವರ್ ಟೇಬಲ್ ಮೇಲಿಟ್ಟು ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನೇ ಇಲ್ಲಿ ಬರೆದಿದ್ದೇನೆ. ಇದನ್ನು ಓದಿ ಯಾರೂ ಮಾತ್ರೆ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ. ನಿಮ್ಮ ಡಾಕ್ಟರ ಎದುರು ಕೂತಾಗ ಸರಿಯಾದ ಪ್ರಶ್ನೆ ಕೇಳುವುದಕ್ಕೆ ಇದು ಉಪಯೋಗವಾದರೆ ಸಾಕು. ಕೆಲವು ರೋಗಿಗಳ ಕಥೆಯೂ ಇದೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಎಲ್ಲ ರಿಪೋರ್ಟೂ ನಾರ್ಮಲ್ ಅಂತಾರೆ. ಹಾಗಾದ್ರೆ ನನ್ನ ನೋವು ಸುಳ್ಳಾ?

ಅಲ್ಲ. ಖಂಡಿತ ಅಲ್ಲ.

ಎಂಆರ್‌ಐ ಮೂಳೆ, ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ), ಸ್ನಾಯು ಹೇಗೆ ಕಾಣುತ್ತವೆ ಅಂತ ತೋರಿಸುತ್ತದೆ. ನೋವಿನ ಸುದ್ದಿ ಸಾಗಿಸುವ ನರಗಳು ಎಷ್ಟು ಚುರುಕಾಗಿವೆ ಅಂತ ತೋರಿಸುವುದಿಲ್ಲ. ಮನೆಯ ಫೋಟೋ ನೋಡಿ ಒಳಗೆ ಯಾರು ಜಗಳ ಆಡ್ತಿದ್ದಾರೆ ಅಂತ ಹೇಳೋಕಾಗುತ್ತಾ? ಇದೂ ಹಾಗೇ.

ನೋವಿನ ಅಧ್ಯಯನಕ್ಕೆಂದೇ ಇರುವ ಐಎಎಸ್‌ಪಿ ಎಂಬ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿ ಬರೆಯಿತು. ಅದರ ಜೊತೆಗಿರುವ ಟಿಪ್ಪಣಿಗಳಲ್ಲಿ ಒಂದು ಮಾತಿದೆ: ಒಬ್ಬರು ತಮಗೆ ನೋವಾಗುತ್ತಿದೆ ಎಂದರೆ ಆ ಮಾತಿಗೆ ಗೌರವ ಕೊಡಬೇಕು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಬ್ಬ ಹೆಂಗಸಿಗೆ, "ರಿಪೋರ್ಟ್‌ನಲ್ಲಿ ಏನೂ ಇಲ್ಲಮ್ಮ, ಆರಾಮಾಗಿರಿ" ಅಂದಿದ್ದೆ. ಧೈರ್ಯ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಆಕೆ ಬಾಗಿಲವರೆಗೆ ಹೋಗಿ ತಿರುಗಿ ನಿಂತರು. "ಏನಾದ್ರೂ ಇದ್ದಿದ್ರೆ ಚೆನ್ನಾಗಿತ್ತು ಮೇಡಂ. ಮನೇಲಿ ನಂಬ್ತಿದ್ರು" ಅಂದರು. ಅವತ್ತಿನಿಂದ ನಾನು "ಏನೂ ಇಲ್ಲ" ಅನ್ನುವ ಮಾತನ್ನು ಯಾರಿಗೂ ಹೇಳಿಲ್ಲ.

ನನ್ನ ಎಂಆರ್‌ಐಯಲ್ಲಿ ಡಿಸ್ಕ್ ಉಬ್ಬಿದೆ ಅಂತ ಬರೆದಿದೆ. ಅದೇ ಕಾರಣ ಅಲ್ವಾ?

ಇರಬಹುದು, ಇಲ್ಲದೆಯೂ ಇರಬಹುದು. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ ನೋಡಿದ ಒಂದು ವಿಮರ್ಶೆ 2015ರಲ್ಲಿ ಪ್ರಕಟವಾಯಿತು. 20 ವರ್ಷದವರಲ್ಲೇ ನೂರಕ್ಕೆ 30 ಮಂದಿಗೆ ಡಿಸ್ಕ್ ಉಬ್ಬಿತ್ತು. 80 ವರ್ಷದವರಲ್ಲಿ ನೂರಕ್ಕೆ 84 ಮಂದಿಗೆ. ಇವರಿಗೆಲ್ಲ ನೋವೇ ಇರಲಿಲ್ಲ. ಕೂದಲು ನೆರೆತ ಹಾಗೆ ಡಿಸ್ಕೂ ವಯಸ್ಸಾದಂತೆ ಸವೆಯುತ್ತದೆ.

ಆದರೆ ನೋವು ಸೊಂಟದಿಂದ ಕಾಲಿನ ಬೆರಳವರೆಗೆ ಒಂದೇ ಗೆರೆಯಲ್ಲಿ ಇಳಿಯುತ್ತಿದ್ದರೆ, ಕಾಲಿನಲ್ಲಿ ಬಲ ಕಡಿಮೆಯಾಗಿದ್ದರೆ, ಸ್ಕ್ಯಾನ್ ಕೂಡ ಅದೇ ನರದ ಮೇಲೆ ಒತ್ತಡ ತೋರಿಸುತ್ತಿದ್ದರೆ, ಆಗ ಡಿಸ್ಕನ್ನು ಗಂಭೀರವಾಗಿ ತಗೊಳ್ಳಲೇಬೇಕು. ರಿಪೋರ್ಟು ಮತ್ತು ಮೈ ಎರಡೂ ಒಂದೇ ಮಾತು ಹೇಳುತ್ತಿವೆಯಾ ಅಂತ ನೋಡಬೇಕು.

ನರಗಳು ಸೂಕ್ಷ್ಮ ಆಗೋದು ಅಂದ್ರೆ ಏನು?

ಸಾರಿನ ಪುಡಿಗೆ ಅಂತ ಒಂದು ಕೆಜಿ ಗುಂಟೂರು ಮೆಣಸಿನಕಾಯಿ ತೊಟ್ಟು ಬಿಡಿಸಿದ ದಿನ ನೆನಪು ಮಾಡಿಕೊಳ್ಳಿ. ಸಂಜೆ ಉಗುರು ಬೆಚ್ಚಗಿನ ನೀರಿಗೆ ಕೈ ಹಾಕಿದರೆ ಬೆಂಕಿಗೆ ಹಿಡಿದ ಹಾಗೆ ಉರಿಯುತ್ತದೆ. ನೀರು ಬಿಸಿ ಇಲ್ಲ. ಕೈಗೆ ಗಾಯವೂ ಇಲ್ಲ. ಆದರೆ ಉರಿ ನಿಜ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಚರ್ಮದ ನರತುದಿಗಳಲ್ಲಿರುವ ಒಂದು ಬಾಗಿಲನ್ನು ತೆರೆದಿರುತ್ತದೆ. ಸಾಮಾನ್ಯವಾಗಿ ಸುಮಾರು 43 ಡಿಗ್ರಿ ಬಿಸಿಗೆ ತೆರೆಯಬೇಕಾದ ಬಾಗಿಲು ಆಗ ಬೆಚ್ಚನೆಯ ನೀರಿಗೂ ತೆರೆದುಕೊಳ್ಳುತ್ತದೆ. 1997ರಲ್ಲಿ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಈ ಬಾಗಿಲನ್ನು ಗುರುತಿಸಿತು. 2021ರಲ್ಲಿ ಅವರಿಗೆ ನೊಬೆಲ್ ಬಂತು.

ಇದು ಚರ್ಮದ ಮಟ್ಟದ ಕಥೆ. ಇದಕ್ಕಿಂತ ಮುಖ್ಯವಾದದ್ದು ಮುಂದಿದೆ. ಮೆಣಸಿನ ಸಾರವನ್ನು ಮುಂಗೈಯ ಚರ್ಮದಡಿ ಒಂದು ಚುಕ್ಕೆಯಷ್ಟು ಚುಚ್ಚಿದರೆ, ಅದರ ಸುತ್ತ ಅಂಗೈಯಗಲ ಜಾಗದಲ್ಲಿ ಹತ್ತಿಯ ಎಳೆ ಸವರಿದರೂ ನೋವಾಗುತ್ತದೆ. ಆ ಸುತ್ತಲಿನ ಜಾಗಕ್ಕೆ ಮೆಣಸು ತಲುಪಿಯೇ ಇಲ್ಲ! ಹಾಗಾದರೆ ಬದಲಾದದ್ದು ಚರ್ಮ ಅಲ್ಲ, ಒಳಗೆ ಬೆನ್ನುಹುರಿಯಲ್ಲಿ ಸುದ್ದಿ ಸ್ವೀಕರಿಸುವ ನರಕೋಶಗಳು. 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ ಇದನ್ನು ಇಲಿಗಳಲ್ಲಿ ತೋರಿಸಿದರು. ಗಾಯದಿಂದ ಬರುವ ಸುದ್ದಿ ಬೆನ್ನುಹುರಿಯನ್ನೇ ಎಬ್ಬಿಸಿಬಿಡುತ್ತದೆ, ಆಮೇಲೆ ಅದು ಸಣ್ಣ ಸ್ಪರ್ಶಕ್ಕೂ ದೊಡ್ಡದಾಗಿ ಕೂಗುತ್ತದೆ ಅನ್ನುವುದು ಅವರ ಕೆಲಸದ ಸಾರ. ಇದನ್ನೇ ಸೆಂಟ್ರಲ್ ಸೆನ್ಸಿಟೈಸೇಶನ್ ಅನ್ನುತ್ತಾರೆ.

ಗೇಟಿನ ಹತ್ತಿರ ಕಟ್ಟಿದ ನಾಯಿಯ ಹಾಗೆ. ಕಳ್ಳ ಬಂದಾಗ ಬೊಗಳಬೇಕು, ಅದು ಅದರ ಕೆಲಸ. ಒಂದು ಸಲ ಕಳ್ಳತನವಾದ ಮೇಲೆ ಹಾಲಿನವನು ಬಂದರೂ, ಪೇಪರ್ ಬಿದ್ದರೂ, ತೆಂಗಿನ ಗರಿ ಅಲ್ಲಾಡಿದರೂ ಬೊಗಳುತ್ತಿದ್ದರೆ? ನಾಯಿ ಸುಳ್ಳು ಹೇಳುತ್ತಿಲ್ಲ. ಅದು ಹೆದರಿದೆ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನರಗಳು ನೋವಿಗೆ ಬ್ರೇಕ್ ಹಾಕುತ್ತವೆ. ಮಗು ಬಿದ್ದಾಗ ಓಡಿಹೋಗಿ ಎತ್ತಿಕೊಂಡ ತಾಯಿಗೆ ತನ್ನ ಕಾಲಿಗೆ ಕಲ್ಲು ತಾಗಿದ್ದು ಅರ್ಧ ಗಂಟೆ ಬಿಟ್ಟು ಗೊತ್ತಾಗುತ್ತದಲ್ಲ, ಅದು ಈ ಬ್ರೇಕಿನ ಕೆಲಸ. ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ತಡೆಯುವ, ಬಿಡುವ ಒಂದು ಗೇಟ್ ಇದೆ ಎಂಬ ಮಾತನ್ನು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲೇ ಮುಂದಿಟ್ಟಿದ್ದರು. ದೀರ್ಘಕಾಲದ ನೋವಿನಲ್ಲಿ ಹಲವರಿಗೆ ಈ ಬ್ರೇಕ್ ಸಡಿಲವಾಗಿರುತ್ತದೆ. ಕೆಲವರಿಗೆ ಸೂಕ್ಷ್ಮತೆ ಜಾಸ್ತಿ, ಕೆಲವರಿಗೆ ಬ್ರೇಕ್ ಕಡಿಮೆ, ಕೆಲವರಿಗೆ ಎರಡೂ.

ಎಷ್ಟು ದಿನ ಇದ್ದರೆ ದೀರ್ಘಕಾಲದ ನೋವು?

ಮೂರು ತಿಂಗಳಿಗಿಂತ ಜಾಸ್ತಿ ಇದ್ದರೆ, ಅಥವಾ ಅಷ್ಟು ಕಾಲ ಬಿಟ್ಟು ಬಿಟ್ಟು ಬರುತ್ತಿದ್ದರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ದೀರ್ಘಕಾಲದ ನೋವಿಗೇ ಬೇರೆ ಜಾಗ ಕೊಟ್ಟಿದ್ದಾರೆ. ಬೇರೆ ಕಾಯಿಲೆಯ ಬಾಲವಾಗಿ ಅಲ್ಲದೆ ನೋವೇ ಒಂದು ಕಾಯಿಲೆಯಾಗಿರಬಹುದು ಅಂತ ಒಪ್ಪಿಕೊಂಡ ಹಾಗಾಯಿತು.

ನನ್ನದು ಈ ಥರದ ನೋವೇ ಅಂತ ಹೇಗೆ ಗೊತ್ತಾಗುತ್ತೆ?

ನೋವನ್ನು ಮೂರು ಬಗೆಯಾಗಿ ನೋಡುತ್ತಾರೆ. ಒಂದು, ಗಾಯ, ಊತ, ಸವೆತದಿಂದ ಬರುವುದು. ಎರಡು, ನರಕ್ಕೇ ಪೆಟ್ಟಾಗಿ ಬರುವುದು. ಸಕ್ಕರೆ ಕಾಯಿಲೆಯವರ ಪಾದದ ಉರಿ, ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ಚುಚ್ಚು ಈ ಸಾಲಿನವು. ಮೂರನೆಯದು, ಇವೆರಡೂ ಸ್ಪಷ್ಟವಾಗಿ ಇಲ್ಲದೆ, ನೋವಿನ ವ್ಯವಸ್ಥೆಯೇ ಸೂಕ್ಷ್ಮವಾಗಿ ಬರುವುದು. ಇದಕ್ಕೆ 2017ರಲ್ಲಿ ನೋಸಿಪ್ಲಾಸ್ಟಿಕ್ ಎಂಬ ಹೆಸರು ಕೊಟ್ಟರು. ಮೈಯೆಲ್ಲ ನೋವು, ಸುಸ್ತು, ಕೆಟ್ಟ ನಿದ್ದೆ ಇರುವ ಫೈಬ್ರೋಮಯಾಲ್ಜಿಯಾ ಇದರ ದೊಡ್ಡ ಉದಾಹರಣೆ. ನಿಜ ಜೀವನದಲ್ಲಿ ಒಬ್ಬರಲ್ಲೇ ಎರಡು ಅಥವಾ ಮೂರೂ ಬೆರೆತಿರುವುದು ಜಾಸ್ತಿ.

ಒಂದು ಬೆಳಗ್ಗೆಯ ಎರಡು ಮಂಡಿಗಳ ಬಗ್ಗೆ ಹೇಳುತ್ತೇನೆ. ಮೊದಲು ಬಂದವರು ಹನುಮಂತನಗರದ ಒಬ್ಬ ಅಂಗಡಿ ಯಜಮಾನರು. ಎಕ್ಸ್‌ರೇ ನೋಡಿದರೆ ಮಂಡಿಯ ಸಂದು ಹೆಚ್ಚುಕಮ್ಮಿ ಮುಚ್ಚಿಹೋಗಿದೆ. ಮೆಟ್ಟಿಲು ಹತ್ತಿದರೆ ನೋವು, ಕೂತರೆ ಇಲ್ಲ. "ಎಲ್ಲಿ ನೋವು?" ಅಂದರೆ ಒಂದೇ ಬೆರಳಲ್ಲಿ ಜಾಗ ತೋರಿಸಿದರು. ರಾತ್ರಿ ನಿದ್ದೆ ಚೆನ್ನಾಗಿದೆ.

ಅವರ ನಂತರ ಬಂದವರು ಚಾಮರಾಜಪೇಟೆಯ ಒಬ್ಬ ನಿವೃತ್ತ ಟೀಚರ್. ಎಕ್ಸ್‌ರೇಯಲ್ಲಿ ಸ್ವಲ್ಪವೇ ಸವೆತ. ಎಲ್ಲಿ ನೋವು ಅಂದರೆ ಅಂಗೈ ಪೂರ್ತಿ ಬಿಡಿಸಿ ತೊಡೆಯಿಂದ ಪಾದದವರೆಗೆ ಸವರಿದರು. ಆಮೇಲೆ ಕತ್ತು, ಭುಜ. ಸೀರೆಯ ನೆರಿಗೆ ಕಾಲಿಗೆ ಉಜ್ಜಿದರೂ ಉರಿಯುತ್ತದೆ ಅಂದರು. ನಾನು ಒಂದು ಹತ್ತಿ ಉಂಡೆ ತೆಗೆದುಕೊಂಡು ಅವರ ಮೀನಖಂಡದ ಮೇಲೆ ಮೆಲ್ಲಗೆ ಎಳೆದೆ. ಕಾಲನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಮಂಡಿಗೆ ಸಂಬಂಧವೇ ಇಲ್ಲದ ಮುಂಗೈಯನ್ನು ಹೆಬ್ಬೆರಳಿನಿಂದ ಒತ್ತಿದೆ. ಅಲ್ಲೂ ಮುಖ ಹಿಂಡಿದರು. ಅದೇ ಜಾಗ ಅಷ್ಟೇ ಬಲದಲ್ಲಿ ಹತ್ತು ಸಲ ಒತ್ತಿದರೆ ಹತ್ತನೆಯದು ಮೊದಲನೆಯದಕ್ಕಿಂತ ತುಂಬ ಜೋರಾಗಿತ್ತು. ಅಂಗಡಿ ಯಜಮಾನರಿಗೆ ಹತ್ತೂ ಒಂದೇ ಥರ.

ನಾವು ಗಮನಿಸುವುದು ಇಂಥವನ್ನೇ: ನೋವು ಹರಡಿದೆಯಾ, ನೋವಾಗಬಾರದ ಸ್ಪರ್ಶವೂ ನೋಯುತ್ತಾ, ಸಣ್ಣ ಕೆಲಸದ ನೋವು ಎರಡು ದಿನ ಉಳಿಯುತ್ತಾ. ಜೊತೆಗೆ ನಿದ್ದೆ ಕೆಟ್ಟಿರುವುದು, ಎದ್ದಾಗಲೇ ಸುಸ್ತು, ಮರೆವು, ಬೆಳಕು ಶಬ್ದ ವಾಸನೆ ತಡೆಯೋಕಾಗದಿರುವುದು. 25 ಪ್ರಶ್ನೆಗಳ ಒಂದು ಪಟ್ಟಿಯೂ ಬಳಕೆಯಲ್ಲಿದೆ. ನೂರಕ್ಕೆ 40 ಅಥವಾ ಹೆಚ್ಚು ಬಂದರೆ ಈ ದಾರಿಯಲ್ಲಿ ಯೋಚಿಸಬಹುದು ಅಂತ ಲೆಕ್ಕ. ಆದರೆ ಆತಂಕ ಜಾಸ್ತಿ ಇರುವವರಿಗೂ ಅದರಲ್ಲಿ ಅಂಕ ಏರುತ್ತದೆ. ಹಾಗಾಗಿ ಬರೀ ಆ ಅಂಕ ನೋಡಿ ನಾನು ತೀರ್ಮಾನ ಮಾಡುವುದಿಲ್ಲ. ಇದನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆ, ಸ್ಕ್ಯಾನ್ ಯಾವುದೂ ಇಲ್ಲ.

ನನಗೇ ಯಾಕೆ ಹೀಗಾಯ್ತು?

ಒಂದೇ ಕಾರಣ ಸಿಗುವುದು ಅಪರೂಪ. ವಂಶದ ಪಾಲಿದೆ. ಹೆಂಗಸರಲ್ಲಿ ಜಾಸ್ತಿ. ಹಿಂದಿನ ನೋವುಗಳು, ಅಪಘಾತ, ಆಪರೇಷನ್, ಬಾಲ್ಯದಲ್ಲಿ ಅನುಭವಿಸಿದ ಹಿಂಸೆ, ವರ್ಷಗಟ್ಟಲೆ ಕೆಟ್ಟ ನಿದ್ದೆ, ಮನೆಯ ಚಿಂತೆ ಎಲ್ಲವೂ ಸೇರುತ್ತವೆ. ಕೆಲವರಿಗೆ ಸೋಂಕಿನ ನಂತರ ಶುರುವಾಗುತ್ತದೆ. ನಮ್ಮ ಕಡೆ ಚಿಕೂನ್‌ಗುನ್ಯ ಬಂದುಹೋದ ಮೇಲೆ ತಿಂಗಳುಗಟ್ಟಲೆ ಕೀಲು ಹಿಡಿದುಕೊಂಡವರನ್ನು ನೀವೂ ನೋಡಿರುತ್ತೀರಿ. ಅವರಲ್ಲಿ ಮೊದಲು ಕೀಲಿನಲ್ಲಿ ಊತ ಉಳಿದಿದೆಯಾ ಅಂತ ಡಾಕ್ಟರ್ ನೋಡಲೇಬೇಕು. ಊತವಿದ್ದರೆ ಅದರ ಚಿಕಿತ್ಸೆಯೇ ಬೇರೆ.

ಥೈರಾಯ್ಡ್, ಸಕ್ಕರೆ, ಬಿ12, ವಿಟಮಿನ್ ಡಿ ಒಂದು ಸಲ ನೋಡಿಸಿಕೊಳ್ಳಿ. ಹಾಲು ಮೊಸರೂ ಕಡಿಮೆ ತಿನ್ನುವ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಅದು ಸುಲಭವಾಗಿ ಸರಿಹೋಗುವ ವಿಷಯ.

ನಿಮ್ಮ ತಪ್ಪಿನಿಂದ ಹೀಗಾಯಿತು ಅಂತ ಮಾತ್ರ ಅಂದುಕೊಳ್ಳಬೇಡಿ.

ಪಕ್ಕದ ಮನೆಯವರಿಗೆ ಅದೇ ಮಂಡಿ ನೋವು. ಅವರ ಮಾತ್ರೆ ನನಗೆ ಯಾಕೆ ಹಿಡಿಯಲ್ಲ?

ಎರಡೂ ಮಂಡಿ ನೋವೇ. ಆದರೆ ನೋವು ಹುಟ್ಟುವ ಜಾಗ ಬೇರೆ. ನಾನು ಈ ಪುಟ ಬರೆಯಲು ಕೂತದ್ದೇ ಈ ಒಂದು ಮಾತಿಗೋಸ್ಕರ. ರವಿಕೆಯನ್ನು ಅಳತೆ ತಗೊಳ್ಳದೆ ಹೊಲಿಸಲ್ಲ ಅಲ್ವಾ? ಆದರೆ ವರ್ಷಗಟ್ಟಲೆ ನುಂಗುವ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ "ಅವರಿಗೆ ಕೊಟ್ಟಿದ್ದೇ ಕೊಡಿ" ಅಂತ ತರುತ್ತೇವೆ.

ಅಂಗಡಿ ಯಜಮಾನರ ನೋವು ಮಂಡಿಯಲ್ಲೇ ಇದೆ. ತೊಡೆಯ ಸ್ನಾಯು ಗಟ್ಟಿ ಮಾಡಿದೆವು. ತೂಕ ನಾಲ್ಕು ಕೆಜಿ ಇಳಿಯಿತು. ಜಾಸ್ತಿ ನೋವಿದ್ದ ದಿನ ಹಚ್ಚಲು ಡಾಕ್ಟರ್ ಡೈಕ್ಲೊಫೆನಾಕ್ ಜೆಲ್ ಕೊಟ್ಟರು. ಅಷ್ಟರಲ್ಲಿ ಅವರು ಸುಧಾರಿಸಿದರು.

ಟೀಚರಮ್ಮ ಡೈಕ್ಲೊಫೆನಾಕ್ ಮಾತ್ರೆಯನ್ನೇ ಎರಡು ವರ್ಷ ನುಂಗಿದ್ದರು. ನೋವು ಕಡಿಮೆಯಾಗಿರಲಿಲ್ಲ, ಹೊಟ್ಟೆ ಮಾತ್ರ ಕೆಟ್ಟಿತ್ತು, ಬಿಪಿ ಏರಿತ್ತು. ಈ ಗುಂಪಿನ ಮಾತ್ರೆಗಳು ಊತವಿದ್ದ ಜಾಗದಲ್ಲಿ ಕೆಲಸ ಮಾಡುತ್ತವೆ. ಬೆನ್ನುಹುರಿಯ ಸೂಕ್ಷ್ಮತೆಗೆ ಅವುಗಳಿಂದ ಆಗುವ ಉಪಯೋಗ ತೀರಾ ಕಡಿಮೆ. ಅವರಿಗೆ ನಿದ್ದೆ ಸರಿಮಾಡುವುದು, ಮೆಲ್ಲಗೆ ನಡಿಗೆ ಏರಿಸುವುದು, ನೋವಿನ ಬಗ್ಗೆ ಕೂತು ಮಾತಾಡುವುದು, ಡಾಕ್ಟರ್ ಕೊಟ್ಟ ಡುಲೋಕ್ಸೆಟಿನ್ (ಖಿನ್ನತೆಗೂ ನೋವಿಗೂ ಕೊಡುವ ಮಾತ್ರೆ), ಎಲ್ಲ ಒಟ್ಟಿಗೆ ಬೇಕಾಯಿತು.

ಡಾಕ್ಟರಿಗೆ ಚಿಕಿತ್ಸೆಯ ಮಾರ್ಗಸೂಚಿ ಬರೆದುಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಇದನ್ನು ನೇರವಾಗಿಯೇ ಹೇಳಿದೆ. ಬೇರೆ ಕಾಯಿಲೆಯಿಂದ ಬರದ, ನೋವೇ ಕಾಯಿಲೆಯಾದ ಸ್ಥಿತಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಥರದವು, ಓಪಿಯಾಯ್ಡ್ (ಮಾರ್ಫಿನ್, ಟ್ರಮಡಾಲ್ ಥರದವು), ನರನೋವಿಗೆ ಕೊಡುವ ಪ್ರಿಗ್ಯಾಬಲಿನ್ ಯಾವುದನ್ನೂ ಹೊಸದಾಗಿ ಶುರು ಮಾಡಬೇಡಿ; ವ್ಯಾಯಾಮ, ಮನಶ್ಶಾಸ್ತ್ರಜ್ಞರ ಜೊತೆ ಮಾತಾಡುವ ಚಿಕಿತ್ಸೆ, ಅಕ್ಯುಪಂಕ್ಚರ್, ಕೆಲವು ಖಿನ್ನತೆಯ ಮಾತ್ರೆಗಳನ್ನು ಯೋಚಿಸಿ ಎಂದಿದೆ. ಅದೇ ಪ್ರಿಗ್ಯಾಬಲಿನ್ ಸಕ್ಕರೆ ಕಾಯಿಲೆಯವರ ಪಾದದ ಉರಿಗೆ ಒಳ್ಳೆಯ ಔಷಧ. ನೋವಿನ ಬಗೆ ಬದಲಾದರೆ ಒಳ್ಳೆಯ ಔಷಧವೂ ಬೇಡದ್ದಾಗುತ್ತದೆ.

ಯಾರಿಗೆ ಯಾವ ಔಷಧ ಹಿಡಿಯುತ್ತೆ ಅಂತ ಮೊದಲೇ ಪರೀಕ್ಷೆ ಮಾಡಬಹುದಾ?

ಆ ದಿಕ್ಕಿನಲ್ಲಿ ಕೆಲಸ ನಡೆಯುತ್ತಿದೆ. ಒಂದು ಕೈಗೆ ನೋವು ಕೊಟ್ಟಾಗ ಇನ್ನೊಂದು ಕಡೆಯ ನೋವು ಸ್ವಲ್ಪ ಇಳಿಯಬೇಕು. ಬ್ರೇಕ್ ಚೆನ್ನಾಗಿದೆ ಅನ್ನುವುದಕ್ಕೆ ಅದು ಗುರುತು. 2012ರಲ್ಲಿ ಸಕ್ಕರೆ ಕಾಯಿಲೆಯಿಂದ ನರನೋವು ಬಂದವರಲ್ಲಿ ಇದನ್ನು ಅಳೆದು ನೋಡಿದರು. ಯಾರ ಬ್ರೇಕ್ ದುರ್ಬಲವಾಗಿತ್ತೋ ಅವರಿಗೇ ಡುಲೋಕ್ಸೆಟಿನ್ ಹೆಚ್ಚು ಉಪಯೋಗವಾಯಿತು. ಆ ಔಷಧ ಗಟ್ಟಿಮಾಡುವುದೇ ಈ ಬ್ರೇಕನ್ನು. ಸಡಿಲವಾದದ್ದನ್ನು ತಾನೇ ಬಿಗಿ ಮಾಡೋಕಾಗೋದು! ಹೊಸ ಹುಡುಗ ಹುಡುಗಿಯರಿಗೆ ಪಾಠ ಹೇಳುವಾಗ ನಾನು ಈ ಅಧ್ಯಯನವನ್ನು ತಪ್ಪದೆ ಹೇಳುತ್ತೇನೆ. ಆದರೆ ಇಂಥ ಪರೀಕ್ಷೆಗಳು ಇನ್ನೂ ಮುಖ್ಯವಾಗಿ ಸಂಶೋಧನೆಯಲ್ಲೇ ಇವೆ. ದಿನನಿತ್ಯದ ಕ್ಲಿನಿಕ್‌ನಲ್ಲಿ ನಿಮ್ಮ ಕಥೆಯನ್ನು ಪೂರ್ತಿ ಕೇಳಿಸಿಕೊಳ್ಳುವುದೇ ದೊಡ್ಡ ಪರೀಕ್ಷೆ. ಆಮೇಲೆ ಒಂದು ಚಿಕಿತ್ಸೆ ಶುರುಮಾಡಿ ಆರೆಂಟು ವಾರ ನೋಡುವುದು. ಹಿಡಿಯದಿದ್ದರೆ ಬಿಡುವುದು. ಹಿಡಿಯದ ಮಾತ್ರೆಯ ಮೇಲೆ ಇನ್ನೊಂದು ಮಾತ್ರೆ ಪೇರಿಸಿಕೊಂಡು ಹೋಗುವುದು ಸರಿಯಲ್ಲ.

ಡಿಪ್ರೆಶನ್ ಮಾತ್ರೆ ಬರೆದಿದ್ದಾರೆ. ನನಗೆ ತಲೆ ಕೆಟ್ಟಿದೆ ಅಂತಾನಾ?

ಇಲ್ಲ. ನೋವಿಗೆ ಬ್ರೇಕ್ ಹಾಕುವ ನರಗಳು ಬಳಸುವ ರಾಸಾಯನಿಕಗಳು ಮತ್ತು ಮನಸ್ಸಿನ ಹದಕ್ಕೆ ಬೇಕಾದ ರಾಸಾಯನಿಕಗಳು ಕೆಲವು ಒಂದೇ. ಹಾಗಾಗಿ ಒಂದೇ ಮಾತ್ರೆ ಎರಡು ಕಡೆ ಕೆಲಸ ಮಾಡುತ್ತದೆ. ಅಮಿಟ್ರಿಪ್ಟಿಲಿನ್ ಅನ್ನು ನೋವಿಗೆ ಸಾಮಾನ್ಯವಾಗಿ ರಾತ್ರಿ 10 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ. ಖಿನ್ನತೆಗೆ ಬೇಕಾದ ಪ್ರಮಾಣ ಅದರ ಎಷ್ಟೋ ಪಟ್ಟು.

ಬಾಯಿ ಒಣಗಬಹುದು, ಮಲಬದ್ಧತೆ, ಬೆಳಗ್ಗೆ ಮಂಪರು ಬರಬಹುದು. ಆಟೋ, ಕ್ಯಾಬ್ ಓಡಿಸುವವರು ಇದನ್ನು ಡಾಕ್ಟರಿಗೆ ಮೊದಲೇ ಹೇಳಿ. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಹೃದಯದ ಬಡಿತದ ತೊಂದರೆ, ಪ್ರಾಸ್ಟೇಟ್ ದೊಡ್ಡದಾಗಿರುವುದು ಇದ್ದರೂ ಹೇಳಿ. ಡುಲೋಕ್ಸೆಟಿನ್‌ಗೆ ಮೊದಲ ಒಂದೆರಡು ವಾರ ವಾಕರಿಕೆ ಬರಬಹುದು. ಎಷ್ಟೋ ಜನ ಅಷ್ಟಕ್ಕೇ ಬಿಟ್ಟುಬಿಡುತ್ತಾರೆ. ಬಿಡಬೇಕಾದರೂ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು.

ಟ್ರಮಡಾಲ್ ತಗೊಂಡ್ರೆ ಆರಾಮ್ ಅನಿಸುತ್ತೆ. ಮುಂದುವರಿಸಲಾ?

ಕ್ಯಾನ್ಸರ್ ನೋವಿಗೆ, ಆಪರೇಷನ್ ಆದ ಕೆಲವು ದಿನಕ್ಕೆ ಓಪಿಯಾಯ್ಡ್ ಗುಂಪಿನ ಈ ಔಷಧಗಳು ಬೇಕಾಗುತ್ತವೆ. ಸೂಕ್ಷ್ಮವಾದ ನರಗಳಿಗೆ ತಿಂಗಳುಗಟ್ಟಲೆ ಕೊಟ್ಟರೆ ಅವೇ ನೋವಿನ ಸೂಕ್ಷ್ಮತೆಯನ್ನು ಹೆಚ್ಚಿಸಬಲ್ಲವು. ಚಟವೂ ಹತ್ತಬಹುದು. ಡುಲೋಕ್ಸೆಟಿನ್ ಜೊತೆ ಟ್ರಮಡಾಲ್ ಸೇರಿದರೆ ಅಪಾಯ ಇದೆ. ಎರಡು ಕಡೆ ಚಿಕಿತ್ಸೆ ಪಡೆಯುವವರು ಎರಡೂ ಚೀಟಿಗಳನ್ನು ಇಬ್ಬರು ಡಾಕ್ಟರಿಗೂ ತೋರಿಸಿ.

ಮಂಡಿ ಆಪರೇಷನ್ ಮಾಡಿಸಿದ್ರೆ ಎಲ್ಲ ಸರಿಹೋಗಲ್ವಾ?

ತುಂಬಾ ಜನರಿಗೆ ಸರಿಹೋಗುತ್ತದೆ. ಆದರೆ ಮಂಡಿ ಬದಲಾಯಿಸಿಕೊಂಡ ಸುಮಾರು ಐವರಲ್ಲಿ ಒಬ್ಬರಿಗೆ ಆಮೇಲೂ ಗಣನೀಯ ನೋವು ಉಳಿಯುತ್ತದೆ. ಆಪರೇಷನ್‌ಗೆ ಮೊದಲೇ ನರ ತುಂಬಾ ಸೂಕ್ಷ್ಮವಾಗಿದ್ದವರಲ್ಲಿ ಆ ಸಾಧ್ಯತೆ ಹೆಚ್ಚು. ಟೀಚರಮ್ಮನಿಗೂ ಒಂದು ಕಡೆ ಆಪರೇಷನ್ ದಿನಾಂಕ ಕೊಟ್ಟಿದ್ದರು. ಅವರೇ ಇನ್ನೊಬ್ಬ ಮೂಳೆ ಡಾಕ್ಟರ ಅಭಿಪ್ರಾಯ ಕೇಳಿ ಮುಂದಕ್ಕೆ ಹಾಕಿದರು. ಮುಂದೆ ಬೇಕಾದರೂ ಬೇಕಾಗಬಹುದು. ಮೊದಲು ನರಗಳನ್ನು ಶಾಂತ ಮಾಡಿಕೊಂಡು ಹೋದರೆ ಒಳ್ಳೆಯದು ಅಂತ ನನ್ನ ಅನಿಸಿಕೆ.

ವ್ಯಾಯಾಮ ಮಾಡಿದ್ರೆ ನೋವು ಜಾಸ್ತಿ ಆಗುತ್ತೆ. ಆದ್ರೂ ಮಾಡಬೇಕಾ?

ಮಾಡಬೇಕು. ಆದರೆ ಬೇರೆ ಥರ.

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ಕತ್ತು, ಭುಜ, ತೋಳು ನಾಲ್ಕು ವರ್ಷದಿಂದ ನೋವು. ವಾರವೆಲ್ಲ ಟಾರ್ಗೆಟ್, ಭಾನುವಾರ ಒಂದೇ ದಿನ ವಾರದ ಬಟ್ಟೆ, ದೋಸೆ ಹಿಟ್ಟು, ಮನೆ ಒರೆಸುವುದು ಎಲ್ಲ. ಸೋಮವಾರ ಕೈ ಎತ್ತೋಕಾಗುತ್ತಿರಲಿಲ್ಲ. ಅವಳಿಗೆ ಯಾರೋ ಕೊಟ್ಟಿದ್ದ ವ್ಯಾಯಾಮದ ಹಾಳೆಯಲ್ಲಿ ಎಲ್ಲ ಇಪ್ಪತ್ತಿಪ್ಪತ್ತು ಸಲ ಅಂತಿತ್ತು. ಮೂರು ದಿನ ಮಾಡಿ, ನಾಲ್ಕು ದಿನ ಮಲಗಿ, ಹಾಳೆ ಎತ್ತಿಟ್ಟಿದ್ದಳು.

ನಾವು ಮೊಬೈಲ್‌ನಲ್ಲಿ ಟೈಮರ್ ಇಟ್ಟೆವು. ಗೋಡೆಗೆ ಬೆರಳು ಹಚ್ಚಿ ಕೈಯನ್ನು ಮೇಲಕ್ಕೆ ನಡೆಸುವುದು ಎಷ್ಟು ಹೊತ್ತಾದ ಮೇಲೆ ನೋವು ಏರುತ್ತದೆ? ಐದು ನಿಮಿಷ. ಹಾಗಾದರೆ ದಿನಾ ಮೂರೂವರೆ ನಿಮಿಷ ಮಾತ್ರ. ಚೆನ್ನಾಗಿದ್ದ ದಿನವೂ ಅಷ್ಟೇ, ಕೆಟ್ಟ ದಿನವೂ ಅಷ್ಟೇ. ಮೂರು ದಿನಕ್ಕೊಮ್ಮೆ ಅರ್ಧ ನಿಮಿಷ ಜಾಸ್ತಿ. ಭಾನುವಾರದ ಬಟ್ಟೆಯನ್ನು ಮೂರು ದಿನಕ್ಕೆ ಹಂಚಿದಳು. ಇದಕ್ಕೆ ಗಂಡನ ಹತ್ತಿರವೂ ಒಂದು ಸಲ ಮಾತಾಡಬೇಕಾಯಿತು. ಮಷಿನ್ ಮುಂದೆ ಅರ್ಧ ಗಂಟೆಗೊಮ್ಮೆ ಎರಡೂ ಕೈ ಜೋತುಬಿಟ್ಟು ಹತ್ತು ಉಸಿರು ಎಳೆದುಕೊಳ್ಳುವುದು. ನಾಲ್ಕನೇ ತಿಂಗಳು ಬಂದವಳು ಕೂರುವುದಕ್ಕೆ ಮೊದಲೇ ಹೇಳಿದಳು: "ಮೇಡಂ, ಇವತ್ತು ಬಸ್ಸಲ್ಲಿ ಮೇಲಿನ ಕಂಬಿ ಹಿಡ್ಕೊಂಡೇ ನಿಂತ್ಕೊಂಡು ಬಂದೆ."

ಸೂಕ್ಷ್ಮ ನರಗಳಿಗೆ ಬೇಕಿರುವುದು ದಿನದಿನದ ಪುರಾವೆ, ಈ ಚಲನೆಯಿಂದ ಏನೂ ಅಪಾಯ ಆಗಲಿಲ್ಲ ಅಂತ. ಅದಕ್ಕೇ ಕಡಿಮೆ, ಆದರೆ ತಪ್ಪದೆ. ವ್ಯಾಯಾಮದ ನಂತರ ನೋವು ಸ್ವಲ್ಪ ಏರಿ ಒಂದು ದಿನದೊಳಗೆ ಮೊದಲಿನ ಮಟ್ಟಕ್ಕೆ ಬಂದರೆ ಸರಿ. ಎರಡು ಮೂರು ದಿನ ಉಳಿದರೆ ಪ್ರಮಾಣ ಜಾಸ್ತಿಯಾಯಿತು ಅಂತ ಅರ್ಥ. ಅಂಗಡಿ ಯಜಮಾನರಿಗೆ ಈ ನಿಯಮ ಬೇಕಿರಲಿಲ್ಲ, ಅವರು ಮೊದಲ ವಾರವೇ ಮೂರು ಸುತ್ತು ಮಾಡಿದರು.

ನಿದ್ದೆಗೂ ನೋವಿಗೂ ಏನು ಸಂಬಂಧ?

ನೋವಿದ್ದರೆ ನಿದ್ದೆ ಬರಲ್ಲ ಅಂತ ಎಲ್ಲರಿಗೂ ಗೊತ್ತು. ನಿದ್ದೆ ಕೆಟ್ಟರೆ ಮರುದಿನ ಆರೋಗ್ಯವಂತರಿಗೂ ನೋವು ತಡೆಯುವ ಶಕ್ತಿ ಕಡಿಮೆಯಾಗುತ್ತದೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಔಟರ್ ರಿಂಗ್ ರೋಡ್ ಕಡೆ ನೈಟ್ ಶಿಫ್ಟ್ ಮಾಡುವ ಹುಡುಗರಿಗೆ ನಾನು ಕುರ್ಚಿಯ ಬಗ್ಗೆ ಆಮೇಲೆ ಕೇಳುತ್ತೇನೆ, ನಿದ್ದೆಯ ಬಗ್ಗೆ ಮೊದಲು. ಏಳುವ ಹೊತ್ತು ಒಂದೇ ಇರಲಿ, ಮಧ್ಯಾಹ್ನದ ಮೇಲೆ ಕಾಫಿ ಬೇಡ. ಜೋರಾಗಿ ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿದ ಹಾಗೆ ಆಗುತ್ತಿದ್ದರೆ ಡಾಕ್ಟರಿಗೆ ಹೇಳಿ.

ಯೋಗ, ಎಣ್ಣೆ, ಬಿಸಿ ನೀರಿನ ಶಾಖ?

ಹಿತ ಅನಿಸಿದರೆ ಮಾಡಿ. ಯೋಗದಲ್ಲಿ ಮೆಲ್ಲನೆಯ ಚಲನೆ, ಉಸಿರು, ಗಮನ ಮೂರೂ ಇರುವುದರಿಂದ ಈ ಥರದ ನೋವಿಗೆ ಒಗ್ಗುತ್ತದೆ. ಆದರೆ ಮೊದಲ ದಿನವೇ ಪಶ್ಚಿಮೋತ್ತಾನಾಸನ ಬೇಡ. ಮುಟ್ಟಿದರೇ ನೋಯುವವರಿಗೆ ಬಲವಾಗಿ ನೀವಿಸಬೇಡಿ, "ನೋವಾದ್ರೇನೇ ಹೋಗೋದು" ಅನ್ನುವ ಮಾತು ಇಲ್ಲಿ ತಪ್ಪು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಬಿಸಿ ಶಾಖ ಬೇಡವೇ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು?

ಮೂತ್ರ ಮಲದ ಹಿಡಿತ ತಪ್ಪಿದರೆ, ಕೂರುವ ಜಾಗ ಜೋಮು ಹಿಡಿದರೆ, ಕಾಲಿನ ಬಲ ದಿನೇದಿನೇ ಇಳಿಯುತ್ತಿದ್ದರೆ ಅವತ್ತೇ ಹೋಗಿ. ಬೆನ್ನುನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಇದ್ದದ್ದು, ವಯಸ್ಸಾದವರು ಬಿದ್ದ ಮೇಲಿನ ನೋವು, ಹಠಾತ್ತಾಗಿ ಹಿಂದೆಂದೂ ಬಾರದಂಥ ತಲೆನೋವು, ಎದೆನೋವು ಇವನ್ನೂ ಕಾಯಿಸಬೇಡಿ. ಬೆಳಗ್ಗೆ ಅರ್ಧ ಗಂಟೆಗೂ ಹೆಚ್ಚು ಕೀಲು ಹಿಡಿದು, ಊದಿಕೊಂಡಿದ್ದರೆ ಕೀಲುವಾತದ ತಜ್ಞರನ್ನು ನೋಡಿ. ಸೂಕ್ಷ್ಮ ನರ ಇದೆ ಅಂತ ಒಮ್ಮೆ ಹೇಳಿಸಿಕೊಂಡವರಿಗೂ ಹೊಸ ಕಾಯಿಲೆ ಬರಬಹುದು. ಹೊಸ ಥರದ ನೋವನ್ನು ಹಳೆಯ ಹೆಸರಿಗೆ ಸೇರಿಸಬೇಡಿ.

ಮನೆಯವರು ಏನು ಮಾಡಬೇಕು?

ಮೊದಲು ನಂಬಿ. ಆಮೇಲೆ ಎಲ್ಲ ಕೆಲಸವನ್ನೂ ಕಿತ್ತುಕೊಳ್ಳಬೇಡಿ. "ನೀನು ಸುಮ್ನೆ ಮಲ್ಕೋ" ಅನ್ನುವುದು ಪ್ರೀತಿಯೇ. ಆದರೆ ಮಲಗಿದಷ್ಟೂ ಮೈ ಸೋಲುತ್ತದೆ. ಟೀಚರಮ್ಮನ ಯಜಮಾನರು ದಿನಕ್ಕೆ ಹತ್ತು ಸಲ "ನೋವು ಹೇಗಿದೆ?" ಅಂತ ಕೇಳುತ್ತಿದ್ದರು. ಅದನ್ನು ಬಿಟ್ಟು ಬೆಳಗ್ಗೆ ಅವರ ಜೊತೆ ನಡೆಯುವುದಕ್ಕೆ ಶುರುಮಾಡಿದರು.

ಪೂರ್ತಿ ವಾಸಿಯಾಗುತ್ತಾ?

ಕೆಲವರಿಗೆ ಆಗುತ್ತದೆ. ಹಲವರಿಗೆ ನೋವು ಇಳಿಯುತ್ತದೆ, ಬದುಕು ದೊಡ್ಡದಾಗುತ್ತದೆ. ನಡುನಡುವೆ ಮತ್ತೆ ಏರುವ ದಿನಗಳು ಬರುತ್ತವೆ. ವಾರಗಳಲ್ಲಿ ಅಲ್ಲ, ತಿಂಗಳುಗಳಲ್ಲಿ ಲೆಕ್ಕ ಹಾಕಿ. ಇಷ್ಟು ದಿನದಲ್ಲಿ ಗ್ಯಾರಂಟಿ ಗುಣ ಅಂತ ಬೋರ್ಡ್ ಹಾಕಿದವರಿಗೆ ದುಡ್ಡು ಕೊಡಬೇಡಿ.

ಬೆಂಗಳೂರಿನಲ್ಲಿ ಎಲ್ಲಿಂದ ಶುರು ಮಾಡಲಿ? ಏನು ತಗೊಂಡು ಹೋಗಲಿ?

ನಿಮ್ಮನ್ನು ಬಲ್ಲ ಫ್ಯಾಮಿಲಿ ಡಾಕ್ಟರಿಂದಲೇ ಶುರು ಮಾಡಿ. ಅಗತ್ಯವಿದ್ದರೆ ಅವರು ನರರೋಗ, ಕೀಲುವಾತ ಅಥವಾ ಪೇನ್ ಕ್ಲಿನಿಕ್‌ಗೆ ಬರೆದುಕೊಡುತ್ತಾರೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರರೋಗ, ಮನಶ್ಶಾಸ್ತ್ರ, ಯೋಗ ಒಂದೇ ಆವರಣದಲ್ಲಿವೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನೋವಿನಿಂದ ಬದುಕೇ ಬೇಡ ಅನಿಸಿದ ರಾತ್ರಿ ದಯವಿಟ್ಟು ಆ ನಂಬರ್ ಒತ್ತಿ.

ಆ ದೊಡ್ಡ ಕವರ್ ಜೊತೆಗೆ ಒಂದು ಹಾಳೆ ತನ್ನಿ. ಒಂದು ಮನುಷ್ಯಾಕೃತಿ ಬರೆದು ನೋವಿರುವ ಜಾಗಕ್ಕೆಲ್ಲ ಬಣ್ಣ ತುಂಬಿ. ನೋವು ಹೇಗಿದೆ ಅಂತ ನಿಮ್ಮದೇ ಮಾತಲ್ಲಿ ಬರೆಯಿರಿ: ಉರಿಯಾ, ಚುಚ್ಚಾ, ಸೆಳೆತವಾ, ಕರೆಂಟ್ ಹೊಡೆದ ಹಾಗಾ, ಜುಮ್ ಅನ್ನುತ್ತಾ. ಈವರೆಗೆ ನುಂಗಿದ ಮಾತ್ರೆಗಳು, ಯಾವುದು ಎಷ್ಟು ದಿನ, ಯಾವುದರಿಂದ ಏನಾಯಿತು. ನಿದ್ದೆ ಎಷ್ಟು ಗಂಟೆ. ಕೊನೆಯ ಸಾಲಿನಲ್ಲಿ, ನೋವು ಸ್ವಲ್ಪ ಕಡಿಮೆಯಾದರೆ ಮೊದಲು ಏನು ಮಾಡಬೇಕು ಅಂತ ಆಸೆಯಿದೆ ಅನ್ನುವುದನ್ನು ಬರೆಯಿರಿ. ಟೀಚರಮ್ಮ ಬರೆದದ್ದು, "ಗಾಂಧಿಬಜಾರಿಗೆ ನಡೆದು ಹೋಗಿ ಹಬ್ಬಕ್ಕೆ ನಾನೇ ಹೂವು ತರಬೇಕು." ಅವರ ನಡಿಗೆಯ ನಿಮಿಷಗಳನ್ನು ನಾವು ಏರಿಸುತ್ತಾ ಹೋದದ್ದು ಆ ದೂರದ ಲೆಕ್ಕದಲ್ಲೇ.